ದೋಟಿ, ಏರಿ, ಮಾಳಿಗೆ

ಚನ್ನಗಿರಿ ಸೀಮೆಯಲ್ಲಿ ಅಡಿಕೆ ಕೊಯ್ಲಿಗೆ ಬರುವ ತಂಡಗಳ ಹೆಗಲ ಮೇಲೆ ಈಗ ಕಪ್ಪು ಕೊಳವೆಯೊಂದು ಕಾಣುತ್ತದೆ. ಒಂದರೊಳಗೊಂದು ಕೂತ ಕೊಳವೆಗಳನ್ನು ಎಳೆದು ಬಿಗಿದರೆ ಅದು ಮರದ ತುದಿ ಮುಟ್ಟುತ್ತದೆ, ನೆಲದ ಮೇಲೆ ನಿಂತೇ ಗೊನೆ ಇಳಿಸಬಹುದು. ಅದೇ ಕಾರ್ಬನ್ ಫೈಬರ್ ದೋಟಿ. ಬೋಯಿಂಗ್ 787 ವಿಮಾನದ ಅರ್ಧ ತೂಕ ಯಾವ ಬಗೆಯ ವಸ್ತುವಿನದೋ ಇದೂ ಅದೇ ಬಗೆ. ಬೆಲೆ ಹತ್ತಾರು ಸಾವಿರ ರೂಪಾಯಿ. ತೋಟದ ಫಸಲನ್ನು ಗುತ್ತಿಗೆ ಹಿಡಿಯುವ ಖೇಣಿದಾರರು ಗೊಣಗುತ್ತಲೇ ಕೊಳ್ಳುತ್ತಾರೆ, ಏಕೆಂದರೆ ಮರ ಹತ್ತುವವರು ಸಿಗುವುದಿಲ್ಲ.

ಬಿದಿರಿನ ಗಳ, ಅಲ್ಯೂಮಿನಿಯಂ ಕೊಳವೆ ಇದ್ದೇ ಇದ್ದವಲ್ಲ, ಅವುಗಳಲ್ಲಿ ಏನು ಕೊರತೆ? ಕೊರತೆ ತೂಕದ್ದು ಮಾತ್ರ ಎಂದು ಹಲವರು ತಿಳಿದಿದ್ದಾರೆ. ಅದು ಅರ್ಧ ಸತ್ಯ. ಗಳವನ್ನು ಒಂದು ತುದಿಯಲ್ಲಿ ಹಿಡಿದು ಅಡ್ಡಲಾಗಿ ಚಾಚಿದರೆ ಇನ್ನೊಂದು ತುದಿ ತನ್ನದೇ ಭಾರಕ್ಕೆ ಜೋಲುತ್ತದೆ. ಗಾತ್ರ ಹಾಗೇ ಇಟ್ಟು ಉದ್ದ ಎರಡರಷ್ಟು ಮಾಡಿದರೆ ಜೋಲು ಎರಡರಷ್ಟಾಗುವುದಿಲ್ಲ, ಹದಿನಾರರಷ್ಟಾಗುತ್ತದೆ. ನಲವತ್ತು ಅಡಿಯ ಗಳದ ತುದಿಯಲ್ಲಿ ಕತ್ತಿ ಕಟ್ಟಿ ಗೊನೆಯ ಬುಡಕ್ಕೆ ಗುರಿ ಇಡುವ ಕಷ್ಟ ಇರುವುದೇ ಇಲ್ಲಿ. ಇದನ್ನು ನಿರ್ಧರಿಸುವುದು ವಸ್ತುವಿನ ತೂಕವೊಂದೇ ಅಲ್ಲ, ಬಾಗದಿರುವ ಗುಣವೊಂದೇ ಅಲ್ಲ. ಒಂದನ್ನು ಇನ್ನೊಂದರಿಂದ ಭಾಗಿಸಿದಾಗ ಉಳಿಯುವ ಸಂಖ್ಯೆ.

ಆ ಸಂಖ್ಯೆಯಲ್ಲಿ ಒಂದು ತಮಾಷೆಯಿದೆ. ಅಲ್ಯೂಮಿನಿಯಂ ಉಕ್ಕಿನ ಮೂರನೇ ಒಂದು ಪಾಲು ತೂಗುತ್ತದೆ. ಆದರೆ ಬಾಗದಿರುವ ಗುಣದಲ್ಲೂ ಅದು ಉಕ್ಕಿನ ಮೂರನೇ ಒಂದೇ. ಭಾಗಿಸಿದರೆ ಎರಡೂ ಒಂದೇ ಕಡೆ ಬಂದು ನಿಲ್ಲುತ್ತವೆ. ಒಳ್ಳೆಯ ಬಿದಿರೂ ಹೆಚ್ಚುಕಡಿಮೆ ಅದೇ ಸಾಲಿನದು. ಅಂದರೆ ಬಿದಿರು ಬಿಟ್ಟು ಅಲ್ಯೂಮಿನಿಯಂ ಹಿಡಿದವರಿಗೆ ಜೋಲಿನ ಮಟ್ಟಿಗೆ ದೊಡ್ಡ ಲಾಭವೇನೂ ಆಗಲಿಲ್ಲ. ಕಾರ್ಬನ್ ಎಳೆಗಳನ್ನು ರಾಳದಲ್ಲಿ ಕೂರಿಸಿದ ವಸ್ತು ಮಾತ್ರ ಈ ಸಾಲನ್ನು ಮುರಿಯಿತು. ಎಳೆಗಳು ಉದ್ದಕ್ಕೆ ಓಡಿದ್ದರೆ ಆ ದಿಕ್ಕಿನಲ್ಲಿ ಅದರ ಸಂಖ್ಯೆ ಉಕ್ಕಿನ ಮೂರು ಪಟ್ಟು. ಹಣ ಕೊಡುವುದು ಈ ಮೂರು ಪಟ್ಟಿಗೆ.

ಇನ್ನು ಅಡಿಕೆ ಮರವನ್ನೇ ನೋಡಿ. ಅದಕ್ಕೆ ಬೇವಿನಂತೆ ವರ್ಷವರ್ಷ ದಪ್ಪವಾಗುವ ಯೋಗವಿಲ್ಲ, ಮರದೊಳಗೆ ವಾರ್ಷಿಕ ಉಂಗುರಗಳೂ ಇಲ್ಲ. ಗಟ್ಟಿ ನಾರೆಲ್ಲ ಹೊರಸುತ್ತಿನಲ್ಲಿ ಒತ್ತಾಗಿ ಕೂತಿರುತ್ತದೆ, ನಡುವೆ ಮೆತ್ತನೆಯ ತಿರುಳು. ಬಾಗುವಾಗ ಹೆಚ್ಚು ಎಳೆತ ಬೀಳುವುದು ಹೊರಮೈ ಮೇಲೆ, ನಡುಭಾಗಕ್ಕೆ ಕೆಲಸವೇ ಕಡಿಮೆ. ಹಾಗಾಗಿ ವಸ್ತುವನ್ನೆಲ್ಲ ಅಂಚಿಗೆ ತಳ್ಳಿ ಕೊಳವೆ ಮಾಡುವುದು ಎಂಜಿನಿಯರುಗಳ ಹಳೆಯ ಉಪಾಯ. ಮರ ಅದನ್ನು ತಾನಾಗಿಯೇ ಮಾಡಿಕೊಂಡಿದೆ. ಮರ ಸೀಳಿದಾಗ ತಿರುಳು ಕೆತ್ತಿ ಎಸೆದು ದಬ್ಬೆಯನ್ನಷ್ಟೇ ಚಪ್ಪರಕ್ಕೆ, ಬೇಲಿಗೆ ಇಟ್ಟುಕೊಳ್ಳುವ ರೈತನಿಗೂ ಇದು ಗೊತ್ತು. ನೆಲಕ್ಕೆ ಹೂತ ದಬ್ಬೆಯ ಬುಡ ಬೇಗ ಕೊಳೆಯುತ್ತದೆ ಎಂಬುದೂ ಗೊತ್ತು.

ದೋಟಿಯ ಕೆಡುಕು ಮಾತ್ರ ಅಷ್ಟು ಗೊತ್ತಿಲ್ಲ. ಕಾರ್ಬನ್ ವಿದ್ಯುತ್ತನ್ನು ಹರಿಸುತ್ತದೆ. ನೋಡಲು ಪ್ಲಾಸ್ಟಿಕ್ಕಿನಂತಿದೆ, ಹಿಡಿದರೆ ಹಗುರ, ಹೀಗಾಗಿ ಕರೆಂಟು ಹೊಡೆಯಲಾರದು ಎಂದು ನಂಬುವುದು ಸುಲಭ. ತೋಟದ ಮೇಲೆ ಹಾದುಹೋದ ತಂತಿಗೆ ಅದು ತಗುಲಿದರೆ ಹಿಡಿದವನ ಜೀವ ಉಳಿಯುವುದು ಕಷ್ಟ. ಎರಡನೆಯದು, ಅದು ಮುರಿಯುವ ರೀತಿ. ಅಲ್ಯೂಮಿನಿಯಂ ಕೊಳವೆ ಮೊದಲು ನೆಗ್ಗುತ್ತದೆ, ಬಾಗುತ್ತದೆ, ಬಾಗಿದ್ದು ಕಣ್ಣಿಗೆ ಬೀಳುತ್ತದೆ. ಕಾರ್ಬನ್ ದೋಟಿ ಕಲ್ಲಿನ ಮೇಲೆ ಬಿದ್ದು ಒಳಪದರ ಬಿಟ್ಟಿದ್ದರೂ ಹೊರಗೆ ನುಣುಪಾಗಿಯೇ ಇರುತ್ತದೆ. ಮುಂದೆ ಒಂದು ದಿನ ಯಾವ ಮುನ್ಸೂಚನೆಯೂ ಇಲ್ಲದೆ ಲಟಕ್ಕನೆ ಹೋಗುತ್ತದೆ.

ವಸ್ತು ಎಷ್ಟು ಗಟ್ಟಿ ಎಂದು ಎಲ್ಲರೂ ಕೇಳುತ್ತಾರೆ. ಮುರಿಯುವ ಮೊದಲು ಅದು ಹೇಳಿ ಮುರಿಯುತ್ತದೆಯೇ, ಹೇಳಿದಾಗ ಊರಿನ ಕೈಯೇ ಅದನ್ನು ರಿಪೇರಿ ಮಾಡಬಲ್ಲದೇ ಎಂದು ಕೇಳುವವರು ಕಡಿಮೆ. ನನ್ನ ಮಟ್ಟಿಗೆ ಮನೆ, ಕೆರೆ, ಸೇತುವೆ ಕಟ್ಟುವವರು ಮೊದಲು ಕೇಳಬೇಕಾದದ್ದು ಇದನ್ನೇ. ದಾವಣಗೆರೆ ಜಿಲ್ಲೆಯ ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ಈ ನಾಲ್ಕು ತಾಲ್ಲೂಕುಗಳಲ್ಲಿ ಹಿಂದಿನವರು ಅದನ್ನು ಕೇಳಿಕೊಂಡ ಗುರುತುಗಳು ಇನ್ನೂ ನಿಂತಿವೆ.

1997ರಲ್ಲಿ ಮುಖ್ಯಮಂತ್ರಿ ಜೆ.ಎಚ್. ಪಟೇಲರ ಕಾಲದಲ್ಲಿ ದಾವಣಗೆರೆ ಜಿಲ್ಲೆಯಾದಾಗ ಚನ್ನಗಿರಿ, ಹೊನ್ನಾಳಿಗಳು ಶಿವಮೊಗ್ಗದಿಂದ ಬಂದವು, ಜಗಳೂರು ಚಿತ್ರದುರ್ಗದಿಂದ. ನ್ಯಾಮತಿ ಆಮೇಲೆ ಹೊನ್ನಾಳಿಯಿಂದ ಬೇರೆಯಾದ ತಾಲ್ಲೂಕು. ಪಡುವಣದ ಮೂರೂ ಅರೆಮಲೆನಾಡು, ಜಗಳೂರು ಬರದ ಬಯಲು. ನ್ಯಾಮತಿಯಿಂದ ಜಗಳೂರಿನತ್ತ ಬಂದರೆ ಹಳೆಯ ಮನೆಗಳ ನೆತ್ತಿಯಲ್ಲೇ ವ್ಯತ್ಯಾಸ ಕಾಣುತ್ತದೆ: ಅತ್ತ ಇಳಿಜಾರಿನ ಹೆಂಚು, ಇತ್ತ ಸಪಾಟು ಮಣ್ಣಿನ ಮಾಳಿಗೆ.

ಮೊದಲು ಕಲ್ಲು. ಚನ್ನಗಿರಿ ತಾಲ್ಲೂಕಿನ ಸಂತೇಬೆನ್ನೂರಿನಲ್ಲಿ ಪಾಳೆಯಗಾರ ಕೆಂಗ ಹನುಮಂತಪ್ಪ ನಾಯಕ ಹದಿನಾರನೆಯ ಶತಮಾನದಲ್ಲಿ ಕಟ್ಟಿಸಿದ ಪುಷ್ಕರಣಿಯಿದೆ. ನಾಲ್ಕೂ ಕಡೆ ಗ್ರಾನೈಟ್ ಮೆಟ್ಟಿಲು, ನೀರಿನ ನಡುವೆ ವಸಂತ ಮಂಟಪ, ದಂಡೆಯಲ್ಲಿ ಮುಸಾಫಿರ್‌ಖಾನೆ. ಸುತ್ತಲ ಎಂಟು ಮಂಟಪಗಳಲ್ಲಿ ಆರು ಉಳಿದಿವೆ. ವರ್ಷಗಟ್ಟಲೆ ನೀರಲ್ಲಿ ಮುಳುಗಿಯೂ, ಒಣಗಿಯೂ, ಜನರ ಪಾದ ತುಳಿದೂ ಮೆಟ್ಟಿಲು ಸವೆದಿರುವುದು ಅಷ್ಟಕ್ಕಷ್ಟೆ. ಗ್ರಾನೈಟಿನ ಮೇಲೆ ಚದರ ಸೆಂಟಿಮೀಟರಿಗೆ ಸಾವಿರದಿಂದ ಎರಡೂವರೆ ಸಾವಿರ ಕೆ.ಜಿ. ಭಾರ ಹೇರಿದರೂ ತಡೆಯುತ್ತದೆ. ಆದರೆ ಅದೇ ಕಲ್ಲನ್ನು ಎರಡೂ ಕಡೆಯಿಂದ ಎಳೆದರೆ ಅದರ ಹತ್ತನೇ ಒಂದು, ಕೆಲವೊಮ್ಮೆ ಇಪ್ಪತ್ತನೇ ಒಂದು ಪಾಲಿಗೇ ಬಿರಿಯುತ್ತದೆ.

ಕಂಬದ ಮೇಲೆ ಅಡ್ಡ ಹಾಸಿದ ಚಪ್ಪಡಿಯ ಕೆಳಮೈ ಸದಾ ಎಳೆತದಲ್ಲಿರುತ್ತದೆ. ಆದ್ದರಿಂದಲೇ ಕಲ್ಲಿನ ಮಂಟಪಗಳಲ್ಲಿ ಕಂಬಗಳು ಅಷ್ಟು ಹತ್ತಿರ ಹತ್ತಿರ. ಅಗಲವಾದ ಬಾಗಿಲು ಬೇಕೆಂದರೆ ಕಮಾನಿಗೆ ಹೋಗಬೇಕು. ಕಮಾನಿನಲ್ಲಿ ಪ್ರತಿ ತುಂಡೂ ಪಕ್ಕದ್ದನ್ನು ಒತ್ತುತ್ತದೆಯೇ ಹೊರತು ಎಳೆಯುವುದಿಲ್ಲ. ಸಂತೇಬೆನ್ನೂರಿನಲ್ಲಿ ನೀರಿಗೆ ತಾಗುವಲ್ಲಿ ಗ್ರಾನೈಟು, ವಸಂತ ಮಂಟಪಕ್ಕೆ ಇಟ್ಟಿಗೆ ಮತ್ತು ಗಾರೆ. ಎಲ್ಲಿಗೆ ಯಾವುದು ಎಂಬ ಈ ವಿಂಗಡಣೆ ಅಂದಕ್ಕೆ ಮಾತ್ರ ಮಾಡಿದ್ದಲ್ಲ.

ಕಲ್ಲು ಸೀಳುವ ಕಸುಬೂ ನಿಂತಿರುವುದು ಈ ಎಳೆತದ ದೌರ್ಬಲ್ಯದ ಮೇಲೆಯೇ. ಬಂಡೆಯ ಎಳೆ ನೋಡಿಕೊಂಡು ಸಾಲಾಗಿ ಕುಳಿ ಹೊಡೆಯುತ್ತಾರೆ, ಬೆಣೆ ಇಡುತ್ತಾರೆ, ಒಂದರ ನಂತರ ಒಂದಕ್ಕೆ ಸುತ್ತಿಗೆಯ ಪೆಟ್ಟು. ಬೆಣೆ ಪಕ್ಕಕ್ಕೆ ತಳ್ಳಿದಂತೆ ಎಷ್ಟೋ ಟನ್ನಿನ ಬಂಡೆ ಗೆರೆ ಎಳೆದ ಹಾಗೆ ಎರಡಾಗುತ್ತದೆ. ಪೆಟ್ಟಿನ ಸದ್ದು ಬದಲಾದದ್ದನ್ನು ಕೇಳಿಯೇ ಕಲ್ಲು ಬಿಡುವ ಹೊತ್ತನ್ನು ಹೇಳುತ್ತಾರೆ. ಕೆತ್ತನೆಗೆ ಬೇರೆ ಕಲ್ಲು ಬೇಕು. ಹತ್ತಿರದ ಹರಿಹರದಲ್ಲಿ 1224ರಲ್ಲಿ ಹೊಯ್ಸಳ ದಂಡನಾಯಕ ಪೋಲಾಳ್ವ ಹರಿಹರೇಶ್ವರ ದೇವಾಲಯ ಕಟ್ಟಿಸಿದಾಗ ಆರಿಸಿದ್ದು ಬಳಪದ ಕಲ್ಲಿನ ಜಾತಿಯದನ್ನು. ಗಣಿಯಿಂದ ತಂದ ಹೊಸದರಲ್ಲಿ ಅದು ಉಳಿಗೆ ಮೆತ್ತಗೆ ಸಿಗುತ್ತದೆ, ಕಂಬವನ್ನು ಕಡೆದು ನುಣುಪು ಮಾಡಬಹುದು. ಅದೇ ಕಲ್ಲನ್ನು ಪುಷ್ಕರಣಿಯ ಮೆಟ್ಟಿಲಿಗೆ ಹಾಸಿದ್ದರೆ ಇಷ್ಟು ಹೊತ್ತಿಗೆ ತಗ್ಗು ಬಿದ್ದಿರುತ್ತಿತ್ತು.

ಕಲ್ಲಿನ ಕೆಟ್ಟ ಗುಣವೆಂದರೆ ಅದೂ ಹೇಳದೆ ಮುರಿಯುತ್ತದೆ. ಮಣ್ಣು ಹಾಗಲ್ಲ.

ಮಣ್ಣಿನ ಮಾತು ಬಂದರೆ ಸೂಳೆಕೆರೆಗೆ ಹೋಗಲೇಬೇಕು. ಕಾಗದದಲ್ಲಿ ಅದು ಶಾಂತಿಸಾಗರ. ಹರಿದ್ರಾ ಹಳ್ಳಕ್ಕೆ ಎರಡು ಗುಡ್ಡಗಳ ನಡುವೆ ಅಡ್ಡ ಕಟ್ಟಿದ ಏರಿ. ಹನ್ನೊಂದು–ಹನ್ನೆರಡನೆಯ ಶತಮಾನದ್ದು, ಶಾಂತವ್ವೆ ಕಟ್ಟಿಸಿದಳು ಎಂದು ಜನ ಹೇಳುತ್ತಾರೆ. ಅಷ್ಟು ವಿಶಾಲವಾದ ನೀರನ್ನು ತಡೆದಿರುವ ಏರಿಯ ಉದ್ದ ನೋಡಿದರೆ ಇಷ್ಟೇನಾ ಅನ್ನಿಸುತ್ತದೆ. ಜಾಣತನ ಇರುವುದೇ ಅಲ್ಲಿ: ಗುಡ್ಡಗಳು ಅತಿ ಹತ್ತಿರ ಬರುವ ಕಡೆಯೇ ಕಟ್ಟಿದರು, ಉಳಿಸಿದ ಶ್ರಮವನ್ನು ಎತ್ತರಕ್ಕೆ, ಅಗಲಕ್ಕೆ ಹಾಕಿದರು. ನೀರು ಬಿಡಲು ಸಿದ್ದನ ತೂಬು, ಬಸವನ ತೂಬು. ಚನ್ನಗಿರಿಯ ಗದ್ದೆಗೂ ಚಿತ್ರದುರ್ಗದ ನಲ್ಲಿಗೂ ಈ ನೀರು ಹೋಗುತ್ತದೆ. 1866ರ ಸುಮಾರಿಗೆ ಮೈಸೂರಿನ ಮುಖ್ಯ ಎಂಜಿನಿಯರ್ ಸ್ಯಾಂಕಿ, ಈ ಸಂಸ್ಥಾನದಲ್ಲಿ ಹೊಸ ಕೆರೆಗೆ ಜಾಗ ಹುಡುಕುವುದಕ್ಕೇ ಬುದ್ಧಿ ಖರ್ಚು ಮಾಡಬೇಕು ಎಂಬರ್ಥದಲ್ಲಿ ಬರೆದರು. ಸೂಕ್ತ ಕಣಿವೆಗಳನ್ನೆಲ್ಲ ಹಿಂದಿನವರು ಆಗಲೇ ಬಳಸಿ ಮುಗಿಸಿದ್ದರು.

ಏರಿಗೆ ಮಣ್ಣೇ ಏಕೆ? ಒಳ್ಳೆಯ ಜೇಡಿಯಲ್ಲಿ ನೀರು ಮರಳಿಗಿಂತ ಲಕ್ಷ ಪಟ್ಟು ನಿಧಾನವಾಗಿ ಹರಿಯುತ್ತದೆ. ಆದರೆ ಬರೀ ಜೇಡಿಯ ಏರಿ ನೆನೆದಾಗ ಜಾರುತ್ತದೆ, ಒಣಗಿದಾಗ ಬಿರುಕು ಬಿಡುತ್ತದೆ. ಗರಸು ಮಣ್ಣು ಜಾರುವುದಿಲ್ಲ, ನೀರನ್ನು ತಡೆಯುವುದೂ ಇಲ್ಲ. ಒಳಗೆ ಜೇಡಿ, ಹೊರಗೆ ಗರಸು, ನೀರಿನ ಕಡೆ ಅಲೆ ಕೊರೆಯದಂತೆ ಕಲ್ಲಿನ ಹೊದಿಕೆ: ಒಂದರ ಕೊರತೆಯನ್ನು ಇನ್ನೊಂದು ತುಂಬುವ ಈ ಕ್ರಮವನ್ನು ಕೆರೆ ಕಟ್ಟುವವರು ತಲೆಮಾರುಗಳ ಅಭ್ಯಾಸದಿಂದ ಕಂಡುಕೊಂಡದ್ದು. ಭೋವಿ ಸಮುದಾಯದಲ್ಲಿ ಮಣ್ಣಿನ ಕೆಲಸದವರು, ಕಲ್ಲಿನ ಕೆಲಸದವರು ಎಂದು ಕಸುಬಿನ ಕವಲುಗಳೇ ಇದ್ದವು. ಯಾವ ಹೊಲದ ಮಣ್ಣು ಏರಿಗೆ, ಯಾವುದು ಇಟ್ಟಿಗೆಗೆ ಎಂಬುದು ಅವರ ಬೆರಳ ತುದಿಯಲ್ಲಿತ್ತು.

ತೇವದ ವಿಷಯ ಇನ್ನೂ ಸೂಕ್ಷ್ಮ. ತೀರ ಒಣ ಮಣ್ಣು ಎಷ್ಟು ಬಡಿದರೂ ಕೂರುವುದಿಲ್ಲ. ತೀರ ಒದ್ದೆಯಾದರೆ ಸಂದುಗಳಲ್ಲೆಲ್ಲ ನೀರೇ ಕೂತು, ಬಡಿದಷ್ಟೂ ಪಕ್ಕಕ್ಕೆ ಸರಿಯುತ್ತದೆ. ನಡುವೆ ಒಂದು ಹದ ಇದೆ, ಆ ಹದದಲ್ಲಿ ಮಾತ್ರ ಮಣ್ಣು ಅತಿ ಬಿಗಿಯಾಗಿ ಕೂರುತ್ತದೆ. ಅಮೆರಿಕದ ಲಾಸ್ ಏಂಜಲೀಸ್ ನಗರದ ನೀರು ಸರಬರಾಜಿನಲ್ಲಿದ್ದ ಪ್ರಾಕ್ಟರ್ ಎಂಬ ಎಂಜಿನಿಯರ್ 1933ರಲ್ಲಿ ಇದನ್ನು ಪರೀಕ್ಷೆಯ ರೂಪಕ್ಕೆ ತಂದರು. ಇವತ್ತು ಭದ್ರಾ ನಾಲೆಯ ಏರಿಗೂ ಹೆದ್ದಾರಿಗೂ ಅದೇ ಪರೀಕ್ಷೆ. ಅದಕ್ಕೆ ಮೊದಲು ಮುಷ್ಟಿಯಲ್ಲಿ ಉಂಡೆ ಕಟ್ಟಿ ನೋಡುತ್ತಿದ್ದರು, ದನ ಓಡಾಡಿಸಿ ಮಣ್ಣು ಕೂರಿಸುತ್ತಿದ್ದರು. ಏರಿ ಕೆಲಸದಲ್ಲಿ ಬಳಸುವ, ಮೈತುಂಬ ಮೊಳೆಯಂಥ ಪಾದಗಳಿರುವ ಶೀಪ್ಸ್‌ಫೂಟ್ ರೋಲರಿನ ಹೆಸರೇ ಹೇಳುವಂತೆ, ಅದರ ಕಲ್ಪನೆ ಬಂದದ್ದು ಕುರಿಮಂದೆ ತುಳಿದ ನೆಲದಿಂದ ಎನ್ನುತ್ತಾರೆ. ಜಗಳೂರಿನ ಕುರಿಗಾರರಿಗೆ ಇದರಲ್ಲಿ ಆಶ್ಚರ್ಯ ಇರಲಾರದು.

ಮಣ್ಣಿನ ಏರಿ ಒಡೆಯುವ ಮುಂಚೆ ಸಾಮಾನ್ಯವಾಗಿ ಮಾತಾಡುತ್ತದೆ. ಹಿಂಬದಿಯಲ್ಲಿ ತೇವದ ಕಲೆ, ಆಮೇಲೆ ಜಿನುಗು. ಜಿನುಗು ತಿಳಿಯಾಗಿದ್ದರೆ ಕಾಯಬಹುದು, ಕದಡಾಗಿದ್ದರೆ ಒಳಗಿನ ಮಣ್ಣೇ ತೊಳೆದು ಬರುತ್ತಿದೆ ಎಂದರ್ಥ, ಆಗ ರಾತ್ರಿಯಾದರೂ ಊರು ಎಬ್ಬಿಸಬೇಕು. ಏಡಿ ಬಿಲ, ಗೆದ್ದಲು, ಸತ್ತ ಮರದ ಬೇರು ಕೊಳೆತು ಬಿಟ್ಟ ಕೊಳವೆ ಇವೆಲ್ಲ ನೀರಿಗೆ ದಾರಿ. ಏರಿ ಮೇಲೆ ಜಾಲಿ ಬೆಳೆಯಲು ಬಿಟ್ಟು ಹಸಿರು ಎಂದು ಖುಷಿಪಡುವ ಪಂಚಾಯಿತಿಗಳಿಗೆ ಇದನ್ನು ಯಾರಾದರೂ ಹೇಳಬೇಕು.

ಉಕ್ಕಿನ ವಿಷಯದಲ್ಲಿ ನಮ್ಮ ನಂಬಿಕೆ ಇನ್ನೂ ದೊಡ್ಡದು. ನ್ಯಾಮತಿ, ಹೊನ್ನಾಳಿಗಳನ್ನು ಸವರಿ ಹೋಗುವ ಹೊಳೆ ಕೆಳಗೆ ಹೊಸಪೇಟೆಯ ತುಂಗಭದ್ರಾ ಅಣೆಕಟ್ಟೆಯಲ್ಲಿ ನಿಲ್ಲುತ್ತದೆ. 2024ರ ಆಗಸ್ಟ್ 10ರ ರಾತ್ರಿ ಅಲ್ಲಿನ 19ನೇ ಗೇಟಿನ ಸರಪಳಿ ತುಂಡಾಗಿ ಗೇಟು ಕೊಚ್ಚಿಹೋಯಿತು. ಆ ಅಣೆಕಟ್ಟೆಯಲ್ಲಿ 1953ರಲ್ಲಿ ನೀರು ನಿಂತಾಗಿನಿಂದ ಗಾರೆಕಲ್ಲಿನ ಗೋಡೆ ಅಲುಗಿಲ್ಲ, ಕೈಕೊಟ್ಟದ್ದು ಲೋಹ. ಹೊಸ ಉಕ್ಕು ಎಳೆದರೆ ಹಿಗ್ಗಿ, ಬಾಗಿ, ಸಾಕಷ್ಟು ಸೂಚನೆ ಕೊಟ್ಟು ಹೋಗುವ ವಸ್ತು. ಆದರೆ ದಶಕಗಟ್ಟಲೆ ನೆನೆದು ಒಣಗುವ ಕಡೆ, ಭಾರ ಏರಿ ಇಳಿಯುವ ಕಡೆ ತುಕ್ಕು, ಕಣ್ಣಿಗೆ ಕಾಣದ ಸಣ್ಣ ಬಿರುಕು ಎರಡೂ ಸೇರಿ ಅದರ ಈ ಗುಣವನ್ನು ಕಳೆಯಬಲ್ಲವು. ಆಗ ಉಕ್ಕೂ ಕಲ್ಲಿನ ಹಾಗೆ ಹೋಗುತ್ತದೆ.

ಹೊನ್ನಾಳಿಗೆ ಬಂದರೆ ಮರಳು ಮತ್ತು ಇಟ್ಟಿಗೆ. ಹೊಳೆ ಮರಳಿನ ಕಣ ಉರುಳಿ ಉರುಳಿ ದುಂಡಾಗಿರುತ್ತದೆ, ಗಾರೆ ಸಲೀಸಾಗಿ ಹರಡುತ್ತದೆ. ಎಂ-ಸ್ಯಾಂಡ್ ಒಡೆದ ಕಲ್ಲು. ಮೂಲೆಗಳು ಚೂಪು, ಅದಕ್ಕೇ ಕಲಸುವಾಗ ಮೇಸ್ತ್ರಿ ಇನ್ನೊಂದು ಕೊಡ ನೀರು ಸುರಿಯುತ್ತಾನೆ. ಕಾಂಕ್ರೀಟು ದುರ್ಬಲವಾಗುವುದು ಎಂ-ಸ್ಯಾಂಡಿನಿಂದಲ್ಲ, ಆ ಹೆಚ್ಚುವರಿ ಕೊಡದಿಂದ. ಹೊಳೆಯನ್ನು ಬಗೆದ ಪರಿ ನೋಡಿದವರು ಎಂ-ಸ್ಯಾಂಡನ್ನು ಬೈಯುವ ಹಾಗೂ ಇಲ್ಲ. ಲೋಡಿನ ಲೆಕ್ಕದಲ್ಲಿ ಮರಳು ಕೊಳ್ಳುವವರು ಇನ್ನೊಂದು ತಿಳಿದಿರಬೇಕು: ಸ್ವಲ್ಪವೇ ತೇವವಿರುವ ಸಣ್ಣ ಮರಳು ಒಣಗಿದ್ದಕ್ಕಿಂತ ಕಾಲು ಭಾಗಕ್ಕೂ ಹೆಚ್ಚು ಉಬ್ಬಿ ನಿಲ್ಲುತ್ತದೆ. ಇಟ್ಟಿಗೆಗೆ ಭಾರತೀಯ ಮಾನಕ ಕೇಳುವ ಕನಿಷ್ಠ ಬಲ ಚದರ ಸೆಂಟಿಮೀಟರಿಗೆ 35 ಕೆ.ಜಿ.; ಒಂದು ದಿನ ನೀರಲ್ಲಿಟ್ಟರೆ ಸಾಧಾರಣ ಇಟ್ಟಿಗೆ ತನ್ನ ತೂಕದ ನೂರಕ್ಕೆ 20ಕ್ಕಿಂತ ಹೆಚ್ಚು ನೀರು ಕುಡಿಯಬಾರದು. ಮನೆಯಲ್ಲೇ ತೂಗಿ ನೋಡಬಹುದಾದ ಪರೀಕ್ಷೆ ಇದು.

ಎರೆ ಭೂಮಿಯ ಕತೆ ಬೇರೆ. ಅದರ ಜೇಡಿ ನೀರು ಕುಡಿದರೆ ಹಿಗ್ಗಿ ಮನೆಯನ್ನೇ ಎತ್ತುತ್ತದೆ, ಬೇಸಿಗೆಯಲ್ಲಿ ಕುಗ್ಗಿ ಕೈಬಿಡುತ್ತದೆ. ಗೋಡೆ ಓರೆಯಾಗಿ ಸೀಳುತ್ತದೆ. ಮಲಪ್ರಭಾ ನಾಲೆಯ ಲೈನಿಂಗ್ ಹೀಗೇ ಒಡೆಯುತ್ತಿದ್ದಾಗ ಮುಂಬೈ ಐಐಟಿಯ ಪ್ರೊ. ಆರ್.ಕೆ. ಕಟ್ಟಿ ಅವರು ಕಂಡುಕೊಂಡ ಪರಿಹಾರ ಸರಳವಾಗಿತ್ತು: ಎರೆಯ ಮೇಲೆ ಹಿಗ್ಗದ, ಆದರೆ ಅಂಟುವ ಮಣ್ಣಿನ ದಪ್ಪ ಪದರ ಹಾಸುವುದು. ಮಣ್ಣಿನ ರೋಗಕ್ಕೆ ಮಣ್ಣೇ ಮದ್ದಾಯಿತು.

ಈಗ ಜಗಳೂರಿನ ಮಾಳಿಗೆ. ತೊಲೆ, ಅದರ ಮೇಲೆ ಒತ್ತೊತ್ತಾಗಿ ಜಂತೆ, ಮೇಲೆ ಕಡ್ಡಿ, ಬೇವಿನ ಸೊಪ್ಪು, ಆಮೇಲೆ ಗೇಣುದ್ದಕ್ಕೂ ಮೀರಿದ ಮಣ್ಣು. ಎಲ್ಲಕ್ಕೂ ಮೇಲೆ ಕರಲು ಮಣ್ಣಿನ ಹೊದಿಕೆ. ಬೆಳೆ ಬಾರದ ಕರಲು ನೆಲದ ಮಣ್ಣನ್ನೇ ಹುಡುಕಿ ತರುವುದರಲ್ಲಿ ಒಂದು ರಸಾಯನವಿದೆ. ಆ ಮಣ್ಣಿನಲ್ಲಿ ಸೋಡಿಯಂ ಹೆಚ್ಚು. ನೀರು ಬಿದ್ದೊಡನೆ ಜೇಡಿಯ ಕಣಗಳು ಒಂದನ್ನೊಂದು ಬಿಟ್ಟು ಚದುರುತ್ತವೆ, ಚದುರಿದವು ಸಂದುಗಳಲ್ಲಿ ಸಿಕ್ಕಿಕೊಂಡು ಮುಚ್ಚಿಬಿಡುತ್ತವೆ. ಹೊಲದಲ್ಲಿ ನೀರು ಇಂಗಗೊಡದೆ ರೈತನನ್ನು ಅಳಿಸುವ ಗುಣವೇ ಮಾಳಿಗೆಯ ಮೇಲೆ ನೀರು ಇಂಗಗೊಡದೆ ಮನೆಯವರನ್ನು ಕಾಯುತ್ತದೆ. ಮಳೆ ಕಡಿಮೆ ಇರುವ ನಾಡಿಗೆ ಇದು ಸಾಕು. ನ್ಯಾಮತಿಯ ಮಳೆಗೆ ಸಾಲದು, ಅಲ್ಲಿಗೆ ಇಳಿಜಾರು, ಹೆಂಚು ಬೇಕು.

ದಪ್ಪ ಮಣ್ಣಿಗೆ ಇನ್ನೊಂದು ಗುಣ: ಬಿಸಿಲು ನಿಧಾನವಾಗಿ ಇಳಿಯುತ್ತದೆ. ಮಧ್ಯಾಹ್ನದ ಕಾವು ಒಳಗೆ ತಲುಪುವ ಹೊತ್ತಿಗೆ ರಾತ್ರಿಯಾಗಿ ಹೊರಗೆ ತಂಪಾಗಿರುತ್ತದೆ. ನಾಲ್ಕು ಇಂಚಿನ ಕಾಂಕ್ರೀಟು ಮೂರು ಗಂಟೆಯಲ್ಲೇ ಕಾವನ್ನು ದಾಟಿಸುತ್ತದೆ, ತಗಡಿಗೆ ಅಷ್ಟೂ ಬೇಡ. ಜಗಳೂರಿನ ಏಪ್ರಿಲ್ಲಿನಲ್ಲಿ ಸಂಜೆ ನಾಲ್ಕಕ್ಕೆ ಸ್ಲ್ಯಾಬಿನ ಮನೆಯಿಂದ ಹೊರಬಂದು ಕಟ್ಟೆಯಲ್ಲಿ ಕೂರುವವರಿಗೆ ಈ ಅಂಕಿಗಳ ಅಗತ್ಯವಿಲ್ಲ.

ಹಾಗೆಂದು ಮಾಳಿಗೆಯನ್ನು ಹಾಡಿ ಹೊಗಳಲು ನಾನು ತಯಾರಿಲ್ಲ. ಒಂದಡಿ ಮಣ್ಣಿನ ಮಾಳಿಗೆ ಚದರ ಮೀಟರಿಗೆ ಅರ್ಧ ಟನ್ ತೂಗುತ್ತದೆ. ಹತ್ತಡಿ ಹತ್ತಡಿ ಕೋಣೆಯಲ್ಲಿ ಮಲಗಿದವರ ತಲೆ ಮೇಲೆ ನಾಲ್ಕೂವರೆ ಟನ್ನಿಗೂ ಹೆಚ್ಚು. 1993ರ ಸೆಪ್ಟೆಂಬರ್ 30ರ ಬೆಳಗಿನ ಜಾವ ಮಹಾರಾಷ್ಟ್ರದ ಕಿಲ್ಲಾರಿಯಲ್ಲಿ ನೆಲ ನಡುಗಿದಾಗ ಸಾವಿರಾರು ಜನರನ್ನು ಕೊಂದದ್ದು ಬಹುಪಾಲು ಇಂಥ ಭಾರದ ಮಾಳಿಗೆ, ಮಣ್ಣಿನ ಗಾರೆಯ ಕಲ್ಲುಗೋಡೆಗಳೇ. ಪ್ರತಿ ಮುಂಗಾರಿಗೆ ಮುಂಚೆ ಹೊಸ ಕರಲು ಹಾಕುವ ಆಳೂ ಈಗ ಇಲ್ಲ, ಜಂತೆಗೆ ಮರವೂ ಇಲ್ಲ. ಕೆಂಪು ಮಸಾರಿ ಮಣ್ಣಿಗೆ ನೂರಕ್ಕೆ ಏಳೆಂಟು ಪಾಲು ಸಿಮೆಂಟು ಬೆರೆಸಿ ಒತ್ತಿದ ಮಣ್ಣಿನ ಇಟ್ಟಿಗೆಯನ್ನು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಶುರುವಾದ ‘ಅಸ್ತ್ರ’ ತಂಡ ಎಷ್ಟೋ ವರ್ಷಗಳ ಹಿಂದೆಯೇ ರೂಢಿಗೆ ತಂದಿತು. ಜಗಳೂರಿನ ಕೆಂಪು ನೆಲಕ್ಕೆ ಅದು ಒಪ್ಪುವಂಥದ್ದು, ಎರೆಗೆ ಒಪ್ಪುವುದಿಲ್ಲ. ಅದರ ಕಡೆ ತಿರುಗಿ ನೋಡುವವರು ಕಡಿಮೆ.

ಆದ್ದರಿಂದ ನಾಲ್ಕೂ ತಾಲ್ಲೂಕುಗಳಲ್ಲಿ ಈಗ ಏಳುತ್ತಿರುವುದು ಒಂದೇ ನಮೂನೆಯ ಸ್ಲ್ಯಾಬಿನ ಮನೆ. ಸ್ಲ್ಯಾಬು ಕೆಟ್ಟದ್ದಲ್ಲ. ಒತ್ತಡ ತಡೆಯುವ ಕಾಂಕ್ರೀಟು, ಎಳೆತ ತಡೆಯುವ ಕಬ್ಬಿಣ. ಬಿಸಿಲಿಗೆ ಎರಡೂ ಹೆಚ್ಚುಕಡಿಮೆ ಒಂದೇ ಪ್ರಮಾಣದಲ್ಲಿ ಹಿಗ್ಗುತ್ತವೆ ಎಂಬ ಅದೃಷ್ಟದಿಂದ ಅವುಗಳ ಸಂಸಾರ ನಡೆಯುತ್ತಿದೆ. ಸರಿಯಾಗಿ ಲೆಕ್ಕ ಹಾಕಿದ ಸ್ಲ್ಯಾಬಿನಲ್ಲಿ ಕಾಂಕ್ರೀಟು ಪುಡಿಯಾಗುವ ಮುಂಚೆ ಕಬ್ಬಿಣ ಹಿಗ್ಗಬೇಕು ಎಂಬ ನಿಯಮವೇ ಇದೆ, ಅಂದರೆ ಅದು ಬಾಗಿ, ಬಿರುಕು ತೋರಿಸಿ, ಮನೆಯವರಿಗೆ ಹೊರಬರಲು ಹೊತ್ತು ಕೊಡಬೇಕು. ಆ ಸೂಚನೆಯನ್ನು ಕಿತ್ತುಕೊಳ್ಳುವುದು ತುಕ್ಕು. ತುಕ್ಕು ಹಿಡಿದ ಕಬ್ಬಿಣ ಎರಡರಿಂದ ಆರು ಪಟ್ಟು ಜಾಗ ಕೇಳುತ್ತದೆ, ಕೆಳಗಿನ ಕಾಂಕ್ರೀಟನ್ನು ಹೊಪ್ಪಳಿಕೆಯಾಗಿ ಕಳಚುತ್ತದೆ. ಅದರ ಮೇಲೆ ಪ್ಲಾಸ್ಟರು ಬಳಿದು ಬಣ್ಣ ಹೊಡೆಯುವುದು ಎಂದರೆ ಜಿನುಗುವ ಏರಿಗೆ ಮಣ್ಣು ಮೆತ್ತಿ ಮನೆಗೆ ಹೋದ ಹಾಗೆ.

ಮನೆ ಕಟ್ಟಿಸುತ್ತಿರುವವರಲ್ಲಿ ಒಂದು ವಿನಂತಿ. ಬೋರ್‌ವೆಲ್ಲಿನ ನೀರು ಸವಳಾಗಿದ್ದರೆ ಕಲಸುವ ಮುನ್ನ ಪರೀಕ್ಷೆ ಮಾಡಿಸಿ. ಕಬ್ಬಿಣ ಹಾಕುವ ಕಾಂಕ್ರೀಟಿನ ನೀರಿನಲ್ಲಿ ಲೀಟರಿಗೆ 500 ಮಿಲಿಗ್ರಾಮಿಗಿಂತ ಹೆಚ್ಚು ಕ್ಲೋರೈಡ್ ಇರಬಾರದು. ಕಬ್ಬಿಣದ ಕೆಳಗೆ ಕಲ್ಲುಚೂರು ಇಡದೆ ಸರಿಯಾದ ಕವರ್ ಬ್ಲಾಕ್ ಇಡಿಸಿ, ಸ್ಲ್ಯಾಬಿಗೆ ಆ ಕವರ್ 20 ಮಿಲಿಮೀಟರಿಗಿಂತ ಕಡಿಮೆ ಆಗಬಾರದು. ಅಂಗಡಿಗಳಲ್ಲಿ ಈಗ ಹೆಚ್ಚಾಗಿ ಸಿಗುವುದು ಪಿಪಿಸಿ ಸಿಮೆಂಟು. ಅದಕ್ಕೆ ಹತ್ತು ದಿನವಾದರೂ ನೀರುಣಿಸಲೇಬೇಕು, ಹದಿನಾಲ್ಕು ದಿನವಾದರೆ ಇನ್ನೂ ಒಳ್ಳೆಯದು.